ಕಾಮಡೋರ್ 64: ಮೊದಲು ಅಡಾಪ್ಟರ್ ವಿಷಯ
ಅಟ್ಟದಲ್ಲಿದ್ದ ಕಾಮಡೋರ್ 64 ಅನ್ನೋ 1980ರ ದಶಕದ ಹೋಮ್ ಕಂಪ್ಯೂಟರನ್ನು ಹಳೇ ಅಡಾಪ್ಟರ್‌ನಲ್ಲೇ ಆನ್ ಮಾಡಬಹುದಾ, ಫ್ಲಾಪಿ ಡ್ರೈವ್ ಇಲ್ಲದೆ ಗೇಮ್ ಆಡೋದು ಹೇಗೆ ಅಂತ ಕೇಳಿದ್ದೀರಿ. ದಯವಿಟ್ಟು ಆನ್ ಮಾಡಬೇಡಿ. ಆ ಅಡಾಪ್ಟರ್‌ನಿಂದ 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ ಎರಡೂ ಬರುತ್ತವೆ. ಒಳಗೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಲೈನ್ ಏರಿಬಿಡುತ್ತದೆ, ಮೆಮೊರಿ ಚಿಪ್‌ಗಳು ಸುಟ್ಟುಹೋಗುತ್ತವೆ. ಮಲ್ಟಿಮೀಟರ್ ಈಗ ಸರಿ ತೋರಿಸಿದರೂ ನಂಬಬೇಡಿ, ಬಿಸಿಯಾದ ಮೇಲೆ ಕೈಕೊಡಬಹುದು. ಈಗ ಹೊಸದಾಗಿ ತಯಾರಾಗುವ ಅಡಾಪ್ಟರ್ ತಗೊಳ್ಳಿ. ಇದರಲ್ಲಿ ಜಿಪುಣತನ ಬೇಡ.

ಗೇಮ್‌ಗೆ ಎಸ್‌ಡಿ2ಐಇಸಿ ಸಾಕು, ಅದು ಫ್ಲಾಪಿ ಡ್ರೈವ್ ಬದಲು ಎಸ್‌ಡಿ ಕಾರ್ಡ್ ಬಳಸುವ ಸಾಧನ. ಸೀರಿಯಲ್ ಪೋರ್ಟ್‌ಗೆ ಸಿಕ್ಕಿಸಿ, ಕಾರ್ಡ್‌ಗೆ ಡಿ64 ಫೈಲ್ (ಫ್ಲಾಪಿಯ ನಕಲು ಇರುವ ಫೈಲ್) ಹಾಕಿದರೆ ಆಯ್ತು. ಒಂದೇ ತಕರಾರು: ಕಾಮಡೋರ್‌ನ ಮೂಲ ಫ್ಲಾಪಿ ಡ್ರೈವ್ ಆದ 1541 ಡ್ರೈವ್‌ನೊಳಗೆ ಅದರದ್ದೇ ಪ್ರೊಸೆಸರ್ ಇತ್ತು. ಕೆಲವು ಗೇಮ್‌ಗಳು ಅದಕ್ಕೇ ನೇರವಾಗಿ ಕೋಡ್ ಕಳಿಸುತ್ತವೆ. ಅಂಥವು ಸುಮಾರು ಇದರಲ್ಲಿ ಓಡಲ್ಲ. ಅವು ಬೇಕೇ ಬೇಕು ಅಂದ್ರೆ ಪೈ1541 ನೋಡಿ, ಅದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ 1541 ಡ್ರೈವನ್ನು ಅದರ ಪ್ರೊಸೆಸರ್ ಸಮೇತ ಅನುಕರಿಸುತ್ತದೆ.