100 ವಾಟ್ ಕೇಬಲ್ಲು, ಫೈಲ್ ಕಾಪಿ ಮಾತ್ರ ಆಮೆನಡಿಗೆ

ಪ್ರಶ್ನೆ: ನಾನು ಮದ್ವೆ ವಿಡಿಯೋ ಮಾಡೋನು ಸರ್. 100 ವಾಟ್ ಅಂತ ಬರೆದಿರೋ ಟೈಪ್ ಸಿ ಕೇಬಲ್ ತಗೊಂಡೆ, ಲ್ಯಾಪ್‌ಟಾಪ್ ಚಾರ್ಜ್ ಸಖತ್ತಾಗಿ ಆಗತ್ತೆ, ಆದ್ರೆ ಅದೇ ಕೇಬಲ್ಲಲ್ಲಿ ಎಸ್‌ಎಸ್‌ಡಿಗೆ (ಫೈಲ್ ಇಟ್ಕೊಳ್ಳೋ ಹೊರಗಿನ ಡ್ರೈವ್) 100 ಜಿಬಿ ಹಾಕೋಕೆ ಮುಕ್ಕಾಲು ಗಂಟೆ ಹಿಡಿಯತ್ತೆ. ಎಸ್‌ಎಸ್‌ಡಿ ಕೆಟ್ಟೋಗಿದ್ಯಾ?
(ಓದುಗರು, ತುಮಕೂರು)

ಉತ್ತರ: ಎಸ್‌ಎಸ್‌ಡಿ ಮೇಲೆ ಅನುಮಾನ ಆಮೇಲೆ ಪಡೋಣ, ಮೊದ್ಲು ಕೇಬಲ್ ಬದಲಾಯಿಸಿ. ವಾಟ್ ಅನ್ನೋದು ಬರೀ ಚಾರ್ಜಿಂಗ್ ಲೆಕ್ಕ, ಡೇಟಾ ಸ್ಪೀಡ್‌ಗೂ ಅದಕ್ಕೂ ಸಂಬಂಧಾನೇ ಇಲ್ಲ. ಟೈಪ್ ಸಿ ಪೋರ್ಟಲ್ಲಿ 24 ಪಿನ್ ಇದೆ, ಆದ್ರೆ ಕೇಬಲ್ ಒಳಗೆ ಅಷ್ಟಕ್ಕೂ ವೈರ್ ಎಳೀಲೇಬೇಕು ಅಂತೇನಿಲ್ಲ, ಚಾರ್ಜಿಂಗ್‌ಗೆ ಅಂತ ಮಾರೋ ಕೇಬಲ್ಲಲ್ಲಿ ಡೇಟಾಗೆ ಸಾಮಾನ್ಯವಾಗಿ ಎರಡೇ ವೈರ್ ಇರತ್ತೆ, ಅದು ಯುಎಸ್‌ಬಿ 2.0 ಅನ್ನೋ ಹಳೇ ನಿಧಾನದ ಪದ್ಧತಿ, ಅಂದ್ರೆ 480 ಎಂಬಿಪಿಎಸ್ (ಸೆಕೆಂಡಿಗೆ 480 ಮೆಗಾಬಿಟ್, ಎಂಟು ಬಿಟ್ ಸೇರಿದ್ರೆ ಒಂದು ಬೈಟ್). ಕೈಗೆ ಸಿಗೋದು ಸೆಕೆಂಡಿಗೆ 35–40 ಎಂಬಿ (ಮೆಗಾಬೈಟ್) ಅಷ್ಟೇ, ನಿಮ್ಮ ಮುಕ್ಕಾಲು ಗಂಟೆ ಲೆಕ್ಕ ಸರಿಯಾಗೇ ಇದೆ! 240 ವಾಟ್ ಅಂತ ದೊಡ್ಡದಾಗಿ ಬರೆದಿರೋ ಕೇಬಲ್ ಡಬ್ಬಿ ತಿರುಗಿಸಿ ನೋಡಿ, ಎಷ್ಟೋ ಸಲ ಮೂಲೇಲಿ ಸಣ್ಣಕ್ಷರದಲ್ಲಿ ಇದೇ 480 ಇರತ್ತೆ. ಇದನ್ನ ಮುಂದ್ಗಡೆನೇ ಬರೆದ್ರೆ ಇವರ ಗಂಟೇನ್ ಹೋಗತ್ತೋ.

ನಿಮ್ಮ ಕೆಲಸಕ್ಕೆ 10 ಜಿಬಿಪಿಎಸ್ (ಸೆಕೆಂಡಿಗೆ 10 ಗಿಗಾಬಿಟ್) ಅಂತ ಸ್ಪಷ್ಟವಾಗಿ ಬರೆದಿರೋದು ತಗೊಳ್ಳಿ, ಎಸ್‌ಎಸ್‌ಡಿ, ಲ್ಯಾಪ್‌ಟಾಪ್ ಪೋರ್ಟ್ ಎರಡೂ ಅಷ್ಟು ಸ್ಪೀಡಿನವಾದ್ರೆ ಆ 100 ಜಿಬಿ ಕೆಲವೇ ನಿಮಿಷದ ಕೆಲಸ. ಉದ್ದ ಒಂದು ಮೀಟರ್ ಒಳಗಿರ್ಲಿ, ಉದ್ದ ಆದಷ್ಟೂ ಸ್ಪೀಡ್ ಉಳಿಸ್ಕೊಳ್ಳೋದು ಕಷ್ಟ. ಎಸ್‌ಎಸ್‌ಡಿ ಜೊತೆ ಬಂದಿದ್ದ ಗಿಡ್ಡ ಕೇಬಲ್ ಎಲ್ಲಾದ್ರೂ ಬಿದ್ದಿದ್ರೆ ಅದನ್ನೇ ಹುಡುಕಿ, ದುಡ್ಡೇ ಬೇಡ. ಫೋನಿಂದ ಕಾಪಿ ಮಾಡೋದಾದ್ರೆ ಫೋನೂ ನೋಡ್ಬೇಕು, ಐಫೋನ್ 15 ಪೋರ್ಟ್ 480ಕ್ಕೇ ನಿಲ್ಲತ್ತೆ, 15 ಪ್ರೋ ಮಾತ್ರ 10 ಜಿಬಿಪಿಎಸ್‌ವರೆಗೆ ಹೋಗತ್ತೆ, ಅದೂ ಡಬ್ಬಿಲಿ ಬರೋ ಕೇಬಲ್ಲಲ್ಲಿ ಅಲ್ಲ, ಬೇರೆ ತಗೋಬೇಕು.

ಪ್ರಶ್ನೆ: 65 ವಾಟ್ ಚಾರ್ಜರ್, 60 ವಾಟ್ ಕೇಬಲ್. ನಡಿಯತ್ತಾ? ಮತ್ತೆ 240 ವಾಟ್ ಕೇಬಲ್ ಹಾಕಿದ್ರೆ ನನ್ನ 25 ವಾಟ್ ಫೋನ್ ಸುಟ್ಟೋಗಲ್ವಾ?
(ಓದುಗರು, ಶಿರಸಿ)

ಉತ್ತರ: ಎರಡಕ್ಕೂ ಭಯ ಬೇಡ. ಚಾರ್ಜರ್ರು ಮೊದ್ಲು 5 ವೋಲ್ಟ್ ಕೊಟ್ಟು ಫೋನ್ ಜೊತೆ ಮಾತಾಡ್ಕೊಳ್ಳತ್ತೆ, ಫೋನ್ ಕೇಳಿದಷ್ಟೇ ಕೊಡತ್ತೆ, ಕೇಬಲ್ ತಾನಾಗಿ ಏನನ್ನೂ ತಳ್ಳಲ್ಲ. 3 ಆಂಪ್ಸ್ ದಾಟ್ಬೇಕಂದ್ರೆ ಕೇಬಲ್ಲಲ್ಲಿ ಇ-ಮಾರ್ಕರ್ ಅನ್ನೋ ಪುಟ್ಟ ಚಿಪ್ ಇರ್ಬೇಕು, ಅದಿಲ್ದಿದ್ರೆ 20 ವೋಲ್ಟ್ × 3 ಆಂಪ್ಸ್, 60 ವಾಟ್‌ಗೇ ಬ್ರೇಕ್. ಹಂಗಾಗಿ ನಿಮಗೆ ಕಮ್ಮಿ ಆಗೋದು 5 ವಾಟ್, ಅದಕ್ಕೋಸ್ಕರ ಹೊಸ ಕೇಬಲ್ ಬೇಡ.

ಪ್ರಶ್ನೆ: ಫೋನ್ ಜೊತೆ ಬಂದ 80 ವಾಟ್ ಸೂಪರ್‌ವೂಕ್ ಕೇಬಲ್ ಕಿತ್ತೋಯ್ತು. ಅಂಗಡೀಲಿ ಬೇರೆ ತಂದೆ, ಈಗ ಫಾಸ್ಟ್ ಚಾರ್ಜಿಂಗೇ ಬರ್ತಿಲ್ಲ.
(ಓದುಗರು, ಗಂಗಾವತಿ)

ಉತ್ತರ: ಬರಲ್ಲ. ಸೂಪರ್‌ವೂಕ್ ಅನ್ನೋದು ಒಪ್ಪೋ ಕಂಪನಿಯವರ ಸ್ವಂತ ಫಾಸ್ಟ್ ಚಾರ್ಜಿಂಗ್ ಪದ್ಧತಿ, ಚಾರ್ಜರ್ ಜೊತೆ ಕೇಬಲ್ಲೂ ಅದಕ್ಕೆ ಹೊಂದೋದೇ ಆಗ್ಬೇಕು. ಬೇರೆ ಕೇಬಲ್ಲಲ್ಲಿ ಚಾರ್ಜ್ ಆಗತ್ತೆ, ನಿಧಾನ ಅಷ್ಟೇ. ರಾತ್ರಿ ಹಾಕಿ ಮಲಗೋರಿಗೆ ಅದು ಸಾಕು, ಬೆಳಿಗ್ಗೆ ಹದಿನೈದು ನಿಮಿಷದಲ್ಲಿ ಹೊರಡೋರಾದ್ರೆ ಕಂಪನಿ ಕೇಬಲ್ಲನ್ನೇ ತಗೊಳ್ಳಿ, ಬಿಲ್ ಇಸ್ಕೊಳ್ಳೋದು ಮರೀಬೇಡಿ.