22 ಇಂಚಿನ ವೀಲ್ ಹಾಕಿಸಿದ ಮೇಲೆ ಗಾಡಿ ಕುಟ್ಟುತ್ತಿದೆಯಾ?

ಕೇಳುವವರು ಬೇರೆ, ಗಾಡಿ ಬೇರೆ, ಗೋಳು ಮಾತ್ರ ಒಂದೇ. ಪ್ರತಿ ಸಲ ಚಿಕ್ಕ ಉತ್ತರ ಬರೆದು ಸುಸ್ತಾಗಿದೆ. ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ. ಪಿಸಿಡಿ, ಆಫ್‌ಸೆಟ್ ಅಂದರೇನು ಎಂದು ಇಲ್ಲಿ ಪಾಠ ಮಾಡುವುದಿಲ್ಲ. ಅವು ಗೊತ್ತಿಲ್ಲದವರು ಸದ್ಯಕ್ಕೆ ವೀಲ್ ಕೊಳ್ಳದಿರುವುದೇ ಕ್ಷೇಮ.

ಪ್ರಶ್ನೆ: ನನ್ನದು ಏರ್ ಸಸ್ಪೆನ್ಷನ್ (ಉಕ್ಕಿನ ಸ್ಪ್ರಿಂಗ್ ಬದಲು ಗಾಳಿಚೀಲ) ಇರುವ ದೊಡ್ಡ ಲಕ್ಷುರಿ ಎಸ್‌ಯುವಿ. 255/55 ಆರ್ 19 ಟೈರ್ ಇತ್ತು. ಈಗ 22 ಇಂಚಿನ ವೀಲ್‌ಗೆ 285/35 ಹಾಕಿಸಿದ್ದೇನೆ. ನೋಡೋಕೆ ಭರ್ಜರಿಯಾಗಿದೆ, ಆದರೆ ಸಣ್ಣ ಗುಂಡಿಗೂ ಧಡ್ ಅನ್ನುತ್ತದೆ. ಏರ್ ಸಸ್ಪೆನ್ಷನ್ ಕಿತ್ತು ಕಾಯಿಲ್‌ಓವರ್ (ಶಾಕ್ ಸುತ್ತ ಕೂರುವ ಉಕ್ಕಿನ ಸ್ಪ್ರಿಂಗ್) ಹಾಕಿಸಿ, ಗಾಡಿ ಸ್ವಲ್ಪ ಇಳಿಸಿದರೆ ಸರಿಹೋಗುತ್ತೆ ಎಂದು ವೀಲ್ ಮಾರಿದವರೇ ಹೇಳುತ್ತಿದ್ದಾರೆ. ಯಾವ ಕಿಟ್ ಒಳ್ಳೆಯದು ಸರ್?

ಯಾವ ಕಿಟ್ಟೂ ಬೇಡ. ನಿಮ್ಮ ಸಸ್ಪೆನ್ಷನ್ ಚೆನ್ನಾಗಿಯೇ ಇದೆ. ಅದರ ಒಂದು ಭಾಗವನ್ನು ನೀವೇ ದುಡ್ಡು ಕೊಟ್ಟು ತೆಗೆಸಿದ್ದೀರಿ.

ಗಾಡಿಯ ಮೊದಲ ಸ್ಪ್ರಿಂಗ್ ಟೈರೇ. ಟೈರಿನ ಅಗಲ 255 ಮಿಲಿಮೀಟರ್, ಅದರಲ್ಲಿ ಶೇಕಡ 55 ಅಂದರೆ 140 ಮಿಲಿಮೀಟರ್. ಅದು ನಿಮ್ಮ ಹಳೆಯ ಟೈರಿನ ಸೈಡ್‌ವಾಲ್, ಅಂದರೆ ರಿಮ್ಮಿನ ಆಚೆ ಇರುವ ರಬ್ಬರಿನ ಎತ್ತರ. 285ರಲ್ಲಿ ಶೇಕಡ 35 ಅಂದರೆ ಹತ್ತಿರಹತ್ತಿರ 100. ಟೈರಿನ ಒಟ್ಟು ವ್ಯಾಸ 763 ಮಿಲಿಮೀಟರ್ ಇದ್ದದ್ದು 758 ಆಗಿದೆ. ‘ಸ್ಪೀಡೋಮೀಟರ್ ಏನೂ ಕೆಡಲ್ಲ’ ಎಂದು ಅಂಗಡಿಯವರು ಹೇಳಿರುತ್ತಾರೆ. ಅದೊಂದು ಮಾತು ನಿಜ. ಆದರೆ ರಸ್ತೆಗೂ ರಿಮ್ಮಿಗೂ ನಡುವೆ ಇದ್ದ ನಾಲ್ಕು ಸೆಂಟಿಮೀಟರ್ ದಿಂಬು ಹೋಯಿತಲ್ಲ, ಅದನ್ನು ಯಾರೂ ಹೇಳಲಿಲ್ಲ.

ಹಂಪ್ ದಾಟುವಾಗ, ಗಾಡಿ ಓಲಾಡುವಾಗ ಏರ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತವೆ. ಗುಂಡಿಯ ಚೂಪು ಅಂಚು, ಸೇತುವೆಯ ಜಾಯಿಂಟು ಇಂಥವು ಬಹಳ ಚುರುಕಾದ ಪೆಟ್ಟು. ಶಾಕ್ ಓಗೊಡುವಷ್ಟರಲ್ಲಿ ಅರ್ಧ ಪೆಟ್ಟನ್ನು ಟೈರ್ ನುಂಗಿರಬೇಕು. ನುಂಗೋಕೆ ಈಗ ಜಾಗವೇ ಇಲ್ಲ. ಮೇಲಿಂದ ವೀಲ್ ಕೂಡ ಭಾರವಾಗಿದೆ, ಆ ಭಾರವೂ ಹೊರಅಂಚಿನಲ್ಲಿದೆ. ಶಾಕ್ ಹಿಡಿದು ನಿಲ್ಲಿಸಬೇಕಾದ ತೂಕ ಅದು. ‘ಫೋರ್ಜ್ಡ್ (ಒತ್ತಿ ಮಾಡಿದ, ಹಗುರ) ವೀಲ್ ಹಾಕಿಸಿದರೆ?’ ಎಂದು ಕೇಳಬೇಡಿ. ತೂಕ ಇಳಿಯುತ್ತದೆ, ರಬ್ಬರ್ ವಾಪಸ್ ಬರುವುದಿಲ್ಲ.

ಇನ್ನು ಯಾರೂ ಓದದ ಒಂದು ಸಂಖ್ಯೆ ಇದೆ. ಟೈರ್ ಅಳತೆಯ ಪಕ್ಕದಲ್ಲಿ ಬರೆದಿರುವ ಲೋಡ್ ಇಂಡೆಕ್ಸ್. 111 ಅಂದರೆ ಒಂದು ಟೈರ್ 1090 ಕಿಲೋ ಹೊರುತ್ತದೆ. 106 ಅಂದರೆ 950 ಮಾತ್ರ. ನಿಮ್ಮ ಹಳೆಯದರಲ್ಲಿ 111 ಇದ್ದು ಹೊಸದರಲ್ಲಿ 106 ಇದ್ದರೆ, ನಾಲ್ಕು ಟೈರ್ ಸೇರಿ 560 ಕಿಲೋ ಹೊರುವ ಶಕ್ತಿ ಕಳೆದುಕೊಂಡಿದ್ದೀರಿ. ಮನೆಮಂದಿಯನ್ನೆಲ್ಲ ಕೂರಿಸಿ, ಡಿಕ್ಕಿ ತುಂಬಿ ಹೊರಡುವ ಗಾಡಿ ಇದು. ಇವತ್ತೇ ಹೋಗಿ ನೋಡಿ. ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ಆ ಟೈರ್ ತೆಗೆಸಿ, ಮುಂದಿನದು ಆಮೇಲೆ. ಇದರಲ್ಲಿ ನನಗೆ ತಮಾಷೆ ಇಲ್ಲ. ಕುಟ್ಟುತ್ತದೆ ಎಂದು ಟೈರಿನ ಗಾಳಿ ಇಳಿಸಲೂ ಹೋಗಬೇಡಿ. ಆಗ ಗುಂಡಿಯ ಅಂಚು ನೇರ ರಿಮ್ಮಿಗೇ ಸಿಗುತ್ತದೆ.

ಕಾಯಿಲ್‌ಓವರ್ ಮಾತಿಗೆ ಬರೋಣ. ಏರ್ ಸಸ್ಪೆನ್ಷನ್ ಕಿತ್ತರೆ ಭಾರ ಹಾಕಿದಾಗ ಗಾಡಿ ತಾನಾಗಿ ಮಟ್ಟಕ್ಕೆ ಬರುವುದು ಹೋಯಿತು. ಕೆಟ್ಟ ದಾರಿಯಲ್ಲಿ ಎತ್ತರ ಮಾಡಿಕೊಳ್ಳುವುದೂ ಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹತ್ತುತ್ತದೆ. ಅದನ್ನು ಆರಿಸೋಕೆ ಕಂಪ್ಯೂಟರಿಗೆ ಸುಳ್ಳು ಹೇಳುವ ಇನ್ನೊಂದು ಡಬ್ಬಿ ಮಾರುತ್ತಾರೆ. ಇಷ್ಟೆಲ್ಲ ಮಾಡಿ ಗಾಡಿ ಇಳಿಸಿದರೆ ಸಸ್ಪೆನ್ಷನ್ ಆಡುವ ಜಾಗವೂ ಕಡಿಮೆ. ಕುಟ್ಟುವುದು ಹೆಚ್ಚೇ ಆಗುತ್ತದೆ.

ಇನ್ನು ಕೆಲವರು ಗಾಡಿಯ ಎತ್ತರ ಅಳೆಯುವ ಹೈಟ್ ಸೆನ್ಸರಿನ ಕಡ್ಡಿ ಬದಲಿಸಿ ಗಾಡಿ ಇಳಿಸುತ್ತಾರೆ. ಗಾಡಿ ಎತ್ತರದಲ್ಲಿದೆ ಎಂದು ಕಂಪ್ಯೂಟರ್ ಮೋಸ ಹೋಗಿ ಗಾಳಿ ಬಿಡುತ್ತದೆ. ಚಕ್ರದ ಮೇಲ್ಭಾಗ ಒಳಕ್ಕೆ ವಾಲಿ ಟೈರಿನ ಒಳಅಂಚು ಸವೆಯುತ್ತದೆ. ಹೊರಗಿಂದ ಅದು ಕಾಣುವುದೂ ಇಲ್ಲ. ಹೆಡ್‌ಲೈಟಿನ ಮಟ್ಟ, ಮುಂದಿನ ಕ್ಯಾಮೆರಾ, ರೇಡಾರ್ ಎಲ್ಲವೂ ಗಾಡಿಯ ಎತ್ತರ ನಂಬಿಕೊಂಡು ಕೆಲಸ ಮಾಡುವಂಥವು. ತಾನಾಗಿ ಬ್ರೇಕ್ ಹಾಕುವ ಗಾಡಿಯ ಕಣ್ಣಿಗೆ ಮಣ್ಣೆರಚುವುದು ನನಗೆ ಇಷ್ಟವಿಲ್ಲ.

ಹಾಗಾದರೆ ಏನು ಮಾಡಬೇಕು? 19ಕ್ಕೆ ವಾಪಸ್ ಹೋಗಿ. ನೋಟ ಬೇಕೇ ಬೇಕು ಅಂದರೆ 20ಕ್ಕೆ ನಿಲ್ಲಿ. 255/50 ಆರ್ 20 ಹಾಕಿದರೆ ವ್ಯಾಸ ಅದೇ 763, ಸೈಡ್‌ವಾಲ್ 127 ಉಳಿಯುತ್ತದೆ. ಆ ಅಳತೆ, ಆ ಲೋಡ್ ಇಂಡೆಕ್ಸ್ ನಿಮ್ಮ ಗಾಡಿಯ ತಯಾರಕರ ಪಟ್ಟಿಯಲ್ಲಿದ್ದರೆ ಮಾತ್ರ.

ಆಮೇಲೂ ಸದ್ದು ಬಂದರೆ ಆಗ ಸಸ್ಪೆನ್ಷನ್ ನೋಡೋಣ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಮೂಲೆಯಲ್ಲಿ ಕುಸಿದಿದ್ದರೆ ಗಾಳಿ ಸೋರುತ್ತಿದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಬಂದು ಜಾಗ ಗೊತ್ತಾಗುತ್ತದೆ. ತಡ ಮಾಡಿದರೆ ಪದೇಪದೇ ಓಡಿ ಗಾಳಿ ತುಂಬುವ ಕಂಪ್ರೆಸರ್ ಸುಡುತ್ತದೆ. ಆರ್ಮ್ ಬುಶ್ (ಚಕ್ರ ಹಿಡಿದ ತೋಳಿನ ಕೀಲಿನ ರಬ್ಬರ್) ಹಾಕಿಸಿದರೆ ಒಂದು ಮಾತು: ಬೋಲ್ಟುಗಳ ಕೊನೆಯ ಬಿಗಿತ ಗಾಡಿ ತನ್ನ ನಿಜವಾದ ಎತ್ತರದಲ್ಲಿರುವಾಗ ಆಗಬೇಕು, ಚಕ್ರ ಜೋತುಬಿದ್ದಿರುವಾಗ ಅಲ್ಲ. ಕೆಲಸ ಕಲಿಯುವ ದಿನಗಳಲ್ಲಿ ನಾನೇ ಲಿಫ್ಟ್ ಮೇಲೆ ಬಿಗಿದುಬಿಟ್ಟಿದ್ದೆ. ಗಾಡಿ ಇಳಿದ ದಿನದಿಂದ ಬುಶ್ ತಿರುಚಿಕೊಂಡೇ ಇತ್ತು, ಬೇಗ ಹರಿಯಿತು. ಬೈದದ್ದು ಮಾತ್ರ ಬುಶ್ ಮಾಡಿದವರನ್ನು.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಓಟ ಮೃದುವಾಗುತ್ತಾ?

ಸುಮ್ನೆ ಸಿಗುವ ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ ಇದೆ. ಅದರ ಬದಲು ಗಾಳಿಯ ಒತ್ತಡ ನೋಡೋಕೆ ಒಂದು ಒಳ್ಳೆ ಗೇಜ್ ಕೊಳ್ಳಿ.

ಪ್ರಶ್ನೆ: ಸ್ಪ್ರಿಂಗ್ ಸುರುಳಿ ನಡುವೆ ಹಾಕುವ ರಬ್ಬರ್ ಬಫರ್?

ತೆಗೆದು ಬಿಸಾಕಿ. ಅದು ಕೂತ ಸುರುಳಿ ಕೆಲಸ ಬಿಡುತ್ತದೆ, ಆ ಕೆಲಸ ಉಳಿದವುಗಳ ತಲೆಗೆ.

ಪ್ರಶ್ನೆ: ಬೋಲ್ಟ್ ಸರಿಯಾಗಿ ಕೂತರೆ ವೀಲ್ ಸರಿಯಾಗಿದೆ ಎಂದೇ ಅಲ್ವಾ?

ಅಲ್ಲ. ಬೋಲ್ಟಿನ ತಲೆ ಒತ್ತುವ ಜಾಗ ನೋಡಿ. ಮರ್ಸಿಡಿಸ್, ಆಡಿ ಗಾಡಿಗಳ ಮೂಲ ವೀಲ್‌ಗೆ ಅದು ಗುಂಡಗೆ ಇರುತ್ತದೆ. ಹೊರಗಿನ ಎಷ್ಟೋ ವೀಲ್‌ಗಳಿಗೆ ಆಲಿಕೆಯ ಹಾಗೆ ಇಳಿಜಾರು. ಹಳೆಯ ಬೋಲ್ಟನ್ನೇ ಹೊಸ ವೀಲ್‌ಗೆ ಬಿಗಿದರೆ ಕೈಗೆ ಬಿಗಿಯಾದಂತೆ ಅನಿಸುತ್ತದೆ. ಒತ್ತಿರುವುದು ಒಂದು ತೆಳು ಗೆರೆಯಷ್ಟು ಜಾಗ, ಓಡುತ್ತಾ ಸಡಿಲವಾಗುತ್ತದೆ. ಗಾಡಿಯಲ್ಲಿ ವೀಲ್ ಕೂರುವ ಹಬ್‌ಗೂ ವೀಲ್ ನಡುವಿನ ತೂತಿಗೂ ಸಂದಿಯಿದ್ದರೆ ಸರಿ ಅಳತೆಯ ರಿಂಗ್ ಬೇಕು. ಬಿಗಿತ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಇಲ್ಲದ ಅಂಗಡಿಗೆ ಹೋಗಬೇಡಿ.

ಪ್ರಶ್ನೆ: ಬೆಂಡಾದ ಅಲಾಯ್ ಕಾಯಿಸಿ, ಬಡಿದು ಹೊಸದರಂತೆ ಮಾಡಿಕೊಡುತ್ತಾರಂತೆ?

ಹೊಸದರಂತೆ ಕಾಣುತ್ತದೆ, ಅಷ್ಟೇ. ಕಾರ್ಖಾನೆಯಲ್ಲಿ ಹದವಾಗಿ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಲೋಹ ಅದು. ಗ್ಯಾಸ್ ಬೆಂಕಿ ಹಿಡಿದವರಿಗೆ ಆ ಹದ ಗೊತ್ತಿಲ್ಲ. ಬಿರುಕು ಬಿಟ್ಟ ವೀಲ್‌ಗೆ ವೆಲ್ಡಿಂಗ್ ಮಾಡಿಸುತ್ತೇನೆ ಅನ್ನುವವರು ನನಗೆ ಬರೆಯಲೇಬೇಡಿ.

ಪ್ರಶ್ನೆ: ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ. ಎರಡೇ ಟೈರ್ ಬದಲಿಸಬಹುದಾ?

ಉಳಿದೆರಡು ಬಹಳ ಸವೆದಿದ್ದರೆ ಬೇಡ. ವ್ಯಾಸದ ವ್ಯತ್ಯಾಸ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸನ್ನು ತಿನ್ನುತ್ತದೆ.

ಪ್ರಶ್ನೆ: ನಿಮ್ಮ ಮಾತು ಕೇಳಿ 22 ತೆಗೆಸುತ್ತೇನೆ ಸರ್. ಆ ವೀಲ್‌ಗಳನ್ನು ಏನು ಮಾಡಲಿ?

ಕಾಯಿಲ್‌ಓವರ್ ಹಾಕಿಸಿ ಅಂದರಲ್ಲ, ಅವರಿಗೇ ಮಾರಿ ನೋಡಿ.