ಜರ್ಮನಿಗೆ ಬಂದ ನರ್ಸ್ ಸಹೋದರಿಗೆ

ಪ್ರಿಯ ಸಹೋದರಿ, ಕರ್ತನ ನಾಮದಲ್ಲಿ ವಂದನೆಗಳು.

ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಬಹಳ ಪ್ರಾರ್ಥಿಸಿ, ದೇವರೇ ದಾರಿ ತೆರೆದನೆಂದು ನಂಬಿ ಬಂದಿದ್ದೀರಿ. ಆದರೆ ಸ್ಟುಟ್‌ಗಾರ್ಟ್‌ನ ದೊಡ್ಡ ಆಸ್ಪತ್ರೆಯ ಬದಲು ಹಳ್ಳಿಯೊಂದರ ವೃದ್ಧಾಶ್ರಮದಲ್ಲಿ ಸಹಾಯಕಿಯ ಕೆಲಸ ಸಿಕ್ಕಿದೆ. ಅದರ ಮೇಲೆ ನಿಮ್ಮ ಪದವಿಗೆ ಪೂರ್ಣ ಮಾನ್ಯತೆ ಇಲ್ಲವೆಂಬ ‘ಡೆಫಿಜಿಟ್‌ಬೆಷೈಡ್’ ಬಂದಿದೆ. ದೇವರ ಚಿತ್ತವನ್ನು ತಪ್ಪಾಗಿ ತಿಳಿದುಕೊಂಡೆನೇ, ಊರಿಗೆ ಹಿಂತಿರುಗಲೇ ಎಂದು ಕೇಳಿದ್ದೀರಿ.

ಆ ಪತ್ರವನ್ನು ದೇವರ ತೀರ್ಪೆಂದು ಓದಬೇಡಿ. ನೀವು ಕಲಿತ ವಿಷಯಗಳನ್ನೂ ತರಬೇತಿಯ ಗಂಟೆಗಳನ್ನೂ ಇಲ್ಲಿಯ ಪಠ್ಯಕ್ರಮದೊಂದಿಗೆ ಹೋಲಿಸಿ, ಕಡಿಮೆ ಬಿದ್ದದ್ದನ್ನು ಪಟ್ಟಿಮಾಡಿ ರಾಜ್ಯದ ಕಚೇರಿಯೊಂದು ಕಳಿಸುವ ಪತ್ರ ಅದು. ಭಾರತದಿಂದ ಬಂದ ನಮ್ಮಲ್ಲಿ ಹೆಚ್ಚಿನವರ ಕೈಗೆ ಬಂದೇ ಬಂದಿದೆ. ಮುಂದೆ ಪೂರಕ ತರಬೇತಿಯನ್ನಾದರೂ ಮುಗಿಸಬಹುದು, ಇಲ್ಲವೇ ಮೌಖಿಕ ಮತ್ತು ಪ್ರಾಯೋಗಿಕ ಭಾಗಗಳಿರುವ ‘ಕೆಂಟ್‌ನಿಸ್‌ಪ್ರೂಫುಂಗ್’ ಪರೀಕ್ಷೆಗೆ ಕೂರಬಹುದು; ಅದರಲ್ಲಿ ತೇರ್ಗಡೆಯಾಗದಿದ್ದರೆ ಇನ್ನೊಂದು ಅವಕಾಶವಿದೆ. ಸರಾಗವಾಗಿ ಮಾತಾಡಬಲ್ಲ ಬಿ2 ಮಟ್ಟದ ಜರ್ಮನ್ ಭಾಷೆ ಇನ್ನೂ ನಾಲಿಗೆಗೆ ಒಗ್ಗದಿದ್ದರೆ ತರಬೇತಿಯೇ ಮೇಲೆಂಬುದು ನನ್ನ ಅಭಿಪ್ರಾಯ.

ವೃದ್ಧಾಶ್ರಮದ ಕೆಲಸವನ್ನು ಕೀಳೆಂದು ಎಣಿಸಬೇಡಿ. 2020ರಿಂದ ಈ ದೇಶದಲ್ಲಿ ಆಸ್ಪತ್ರೆಯ ಶುಶ್ರೂಷೆ ಮತ್ತು ವೃದ್ಧರ ಆರೈಕೆ ಒಂದೇ ತರಬೇತಿಯೊಳಗೆ ಸೇರಿವೆ. ನಾನೂ ಆಸ್ಪತ್ರೆಯನ್ನೇ ಬಯಸಿ ಬಂದು ಇಂಥದೇ ವೃದ್ಧಾಶ್ರಮದಲ್ಲಿ ಕೆಲಸ ಆರಂಭಿಸಿದವಳು. ಅಲ್ಲಿದ್ದ ಅಜ್ಜಿಯೊಬ್ಬರು, ಬೆಳಿಗ್ಗೆ ನಾನು ಅವರ ಸ್ವೆಟರಿನ ಗುಂಡಿ ಹಾಕುವಾಗ ಪದವೊಂದನ್ನು ತಪ್ಪಾಗಿ ಉಚ್ಚರಿಸಿದರೆ ನನ್ನ ಕೈ ಹಿಡಿದು ನಿಲ್ಲಿಸಿ, ಸರಿಯಾಗುವವರೆಗೆ ಹೇಳಿಸಿ, ಆಮೇಲೆಯೇ ಮುಂದಿನ ಗುಂಡಿಗೆ ಬಿಡುತ್ತಿದ್ದರು. ತರಗತಿಯಲ್ಲಿ ದಕ್ಕದ ಭಾಷೆ ನನಗೆ ದಕ್ಕಿದ್ದು ಅವರಿಂದ. ಅವರನ್ನು ದೇವರೇ ನನಗೆ ಕೊಟ್ಟನೆಂದು ಇಂದಿಗೂ ನಂಬುತ್ತೇನೆ.

ದಾರಿ ತಪ್ಪಿತೆಂಬ ಭಯ ಬಂದಾಗಲೆಲ್ಲ ನಾನು ಅಪೊಸ್ತಲ ಪೌಲನ ಪ್ರಯಾಣವನ್ನು ನೆನೆಯುತ್ತೇನೆ. ಅವನು ಬಿಥೂನ್ಯಕ್ಕೆ ಹೋಗಲು ಯತ್ನಿಸಿದಾಗ ಆತ್ಮನು ಬಿಡಲಿಲ್ಲ; ಏಕೆ ಬಿಡಲಿಲ್ಲವೆಂಬ ವಿವರಣೆ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ತ್ರೋವಕ್ಕೆ ಇಳಿದುಬಂದ ಮೇಲೆ ರಾತ್ರಿಯ ದರ್ಶನದಲ್ಲಿ ಮಕೆದೋನ್ಯದವನೊಬ್ಬನು ಕರೆದನು, ಸಮುದ್ರ ದಾಟಿ ಫಿಲಿಪ್ಪಿ ಸೇರಿದಾಗ ಲುದ್ಯಳ ಮನೆಯ ಬಾಗಿಲು ತೆರೆಯಿತು. ಅದೇ ಊರಿನಲ್ಲಿ, ಕರೆಗೆ ಓಗೊಟ್ಟು ಸರಿಯಾದ ಕಡೆಗೇ ಬಂದಿದ್ದರೂ, ಅವನು ಪೆಟ್ಟು ತಿಂದು ಸೆರೆಮನೆಯಲ್ಲಿ ಕೂತನು. ಕಷ್ಟ ಬಂದದ್ದರಿಂದಲೇ ದೇವರ ಚಿತ್ತ ಇದಲ್ಲವೆಂದು ತೀರ್ಮಾನಿಸುವವರು ಈ ಭಾಗವನ್ನು ನಿಧಾನವಾಗಿ ಓದಬೇಕು. ನಮ್ಮ ನಾಡಿನ ಮಟ್ಟಿಗೂ ಇಂಥ ನಿದರ್ಶನವಿದೆ: 1853ರಲ್ಲಿ ಬಾಸೆಲ್ ಮಿಷನ್ ಮೂಲಕ ಸುವಾರ್ತೆ ಸಾರಲು ಬಂದ ಕಿಟೆಲ್ ಅವರನ್ನು ಕನ್ನಡಿಗರು ಇಂದು ನೆನೆಯುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿಗಾಗಿ. ಅವರು ಕೊನೆಯುಸಿರೆಳೆದ ಟ್ಯೂಬಿಂಗೆನ್ ನಿಮ್ಮ ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ.

ಆದರೆ ದೇವರು ನಡೆಸುತ್ತಾನೆಂಬ ನಂಬಿಕೆ ಬೇರೆ, ಅನ್ಯಾಯವನ್ನು ಆತನ ಚಿತ್ತವೆಂದು ಸಹಿಸುವುದು ಬೇರೆ. ಕೆಲಸ ಬಿಟ್ಟರೆ ದೊಡ್ಡ ಮೊತ್ತ ಕಟ್ಟಬೇಕೆಂದು ನಿಮ್ಮ ಏಜೆಂಟ್ ಹೆದರಿಸುತ್ತಿರುವುದಾಗಿ ಬರೆದಿದ್ದೀರಿ. ಅದನ್ನು ಕೇವಲ ಪ್ರಾರ್ಥನೆಗೆ ಬಿಟ್ಟು ಸುಮ್ಮನಿರಬೇಡಿ. ಡಿಯಾಕೊನಿ, ಕಾರಿತಾಸ್ ಎಂಬ ಇಲ್ಲಿಯ ಚರ್ಚುಗಳ ಸೇವಾ ಸಂಸ್ಥೆಗಳು ವಲಸೆ ಬಂದವರಿಗೆ ಉಚಿತವಾಗಿ ಸಲಹೆ ನೀಡುತ್ತವೆ. ಈ ವಾರವೇ ಸಮಯ ಗೊತ್ತುಮಾಡಿಕೊಂಡು, ಒಪ್ಪಂದದ ಪ್ರತಿಯೊಂದಿಗೆ ಹೋಗಿ. ಅವರು ಓದಿ ಹೇಳುವವರೆಗೆ ಹೊಸ ಕಾಗದ ಯಾವುದಕ್ಕೂ ಸಹಿ ಹಾಕಬೇಡಿ.